ಸೀಟು ಸಿಕ್ಕಿತು, ವೀಸಾ ಬಂತು, ರೂಮು ಇನ್ನೂ ಇಲ್ಲ

ಆಗಸ್ಟ್ ಮುಗಿಯುತ್ತಾ ಬಂದಂತೆ ಸಲಹೆ ಕೇಳಿ ಬರುವ ತಂದೆತಾಯಿಯರದ್ದು ಹೆಚ್ಚುಕಡಿಮೆ ಒಂದೇ ಮಾತು. ಮಗಳಿಗೆ ಜರ್ಮನಿಯಲ್ಲಿ ಸೀಟು ಸಿಕ್ಕಿದೆ, ಬೆಂಗಳೂರಿನ ಜರ್ಮನ್ ಕಾನ್ಸುಲೇಟ್‌ನಿಂದ ವೀಸಾ ಬಂದಿದೆ, ವಿಮಾನದ ಟಿಕೆಟ್ಟೂ ಆಗಿದೆ. ಉಳಿದುಕೊಳ್ಳಲು ಜಾಗ ಮಾತ್ರ ಗೊತ್ತಾಗಿಲ್ಲ. ಅವರ ಆತಂಕ ಸಹಜವೇ. ಆದರೆ ಹೊರಡುವ ಮೊದಲು ಕಾಯಂ ಕೋಣೆ ಸಿಗದಿರುವುದು ಅಲ್ಲಿ ತೀರ ಸಾಮಾನ್ಯ. ಆ ಗಾಬರಿಯಲ್ಲಿ ಯಾರೂ ನೋಡದ ಮನೆಗೆ ಇಲ್ಲಿಂದಲೇ ದುಡ್ಡು ಕಳಿಸುತ್ತಾರಲ್ಲ, ನಿಜವಾದ ಅಪಾಯ ಇರುವುದು ಅಲ್ಲಿ.

ನಮ್ಮಲ್ಲಿ ಕಾಲೇಜು ಎಂದರೆ ಜೊತೆಗೆ ಹಾಸ್ಟೆಲ್ಲೂ ಇರುತ್ತದೆ ಎಂದುಕೊಳ್ಳುತ್ತೇವೆ. ಜರ್ಮನಿಯ ಬಹುತೇಕ ಸಾರ್ವಜನಿಕ ವಿಶ್ವವಿದ್ಯಾಲಯಗಳು ಹಾಸ್ಟೆಲ್ ನಡೆಸುವುದಿಲ್ಲ. ಆ ಕೆಲಸ ಸ್ಟುಡಿಯೆರೆಂಡೆನ್‌ವೆರ್ಕ್ ಎಂಬ ಪ್ರತ್ಯೇಕ ಸಂಸ್ಥೆಗಳದ್ದು. ದೇಶದಲ್ಲಿ ಇಂಥವು 57 ಇವೆ. ಹಾಸ್ಟೆಲ್ಲೂ ಕ್ಯಾಂಪಸ್ಸಿನ ಕ್ಯಾಂಟೀನೂ ಅವುಗಳ ಕೈಯಲ್ಲಿವೆ. ಸೀಟಿನ ಪತ್ರ ಬಂದರೆ ಹಾಸ್ಟೆಲ್ ತಾನಾಗಿ ಬರುವುದಿಲ್ಲ, ಅರ್ಜಿ ಬೇರೆಯೇ ಹಾಕಬೇಕು. ಪತ್ರ ಬಂದ ದಿನವೇ ಹಾಕಿದರೆ ಒಳ್ಳೆಯದು; ಕೆಲವು ಊರುಗಳಲ್ಲಿ ಅದಕ್ಕೂ ಮೊದಲೇ ಹಾಕಬಹುದು. ಹಾಗಿದ್ದೂ ಈ ಹಾಸ್ಟೆಲ್‌ಗಳಲ್ಲಿ ಜಾಗ ಸಿಗುವುದು ಸುಮಾರು ಹತ್ತು ವಿದ್ಯಾರ್ಥಿಗಳಲ್ಲಿ ಒಬ್ಬರಿಗೆ. ಮ್ಯೂನಿಕ್‌ನಲ್ಲಿ 1972ರ ಒಲಿಂಪಿಕ್ಸ್‌ಗೆಂದು ಕಟ್ಟಿದ ಕ್ರೀಡಾಗ್ರಾಮದ ಒಂದು ಭಾಗದಲ್ಲಿ ಇಂದಿಗೂ ವಿದ್ಯಾರ್ಥಿಗಳಿದ್ದಾರೆ; ಅಲ್ಲಿ ಕೋಣೆ ಬೇಕೆಂದರೆ ಸೆಮಿಸ್ಟರ್‌ಗಟ್ಟಲೆ ಕಾಯಬೇಕಾದೀತು. ಕೆಮ್ನಿಟ್ಸ್, ಮ್ಯಾಗ್ಡೆಬುರ್ಗ್, ಇಲ್ಮೆನೌನಂಥ ಊರುಗಳಲ್ಲಿ ಈ ಪಾಡಿಲ್ಲ. ವಿಶ್ವವಿದ್ಯಾಲಯ ಆರಿಸುವಾಗ ರ‍್ಯಾಂಕಿಂಗ್ ನೋಡುವಷ್ಟೇ ಗಮನವಿಟ್ಟು ಆ ಊರಿನ ಬಾಡಿಗೆಯನ್ನೂ ನೋಡಿ ಎಂದು ನಾನು ಒತ್ತಾಯಿಸುವುದು ಇದಕ್ಕೇ.

ಲೆಕ್ಕವನ್ನೂ ನೋಡೋಣ. ವೀಸಾಕ್ಕೆಂದು ಬ್ಲಾಕ್ಡ್ ಅಕೌಂಟಿನಲ್ಲಿ ನೀವು ಇಟ್ಟಿರುವ 11,904 ಯೂರೋ ಒಟ್ಟಿಗೆ ಕೈಗೆ ಸಿಗುವುದಿಲ್ಲ, ತಿಂಗಳಿಗೆ 992ರಂತೆ ಬರುತ್ತದೆ. ಆರೋಗ್ಯ ವಿಮೆಗೆ ಅದರಲ್ಲಿ 140ಕ್ಕೂ ಹೆಚ್ಚು ಹೋಗುತ್ತದೆ. ಮ್ಯೂನಿಕ್‌ನಲ್ಲಿ ಒಂದು ಕೋಣೆಯ ಬಾಡಿಗೆ 700 ಯೂರೋ ದಾಟುವುದು ಮಾಮೂಲು. ಊಟ, ಓಡಾಟ, ಫೋನಿಗೆ ಉಳಿಯುವುದೆಷ್ಟು ಎಂದು ನೀವೇ ಕಳೆದು ನೋಡಿ. ವೀಸಾಕ್ಕೆ ಸಾಕಾಗುವ ಮೊತ್ತ ಆ ಊರಿನ ಬದುಕಿಗೆ ಸಾಲದೇ ಹೋಗಬಹುದು. ಇನ್ನೊಂದು ವಿಷಯವನ್ನು ಬಹಳ ಜನ ಮರೆಯುತ್ತಾರೆ: ಮನೆ ಹಿಡಿಯುವಾಗ ಕೊಡಬೇಕಾದ ಠೇವಣಿಗೆ ಈ ಖಾತೆಯಿಂದ ದೊಡ್ಡ ಮೊತ್ತ ತೆಗೆಯಲು ಬರುವುದಿಲ್ಲ. ಮೊದಲ ಕಂತು ಬರುವುದೂ ತಡವಾಗಬಹುದು. ಠೇವಣಿ, ಮೊದಲ ತಿಂಗಳ ಬಾಡಿಗೆ, ಆರಂಭದ ಕೆಲವು ವಾರಗಳ ತಾತ್ಕಾಲಿಕ ವಸತಿ, ಇಷ್ಟಕ್ಕೆ ಬೇರೆ ಹಣ ತೆಗೆದಿಡಿ. ಮಕ್ಕಳ ಪರವಾಗಿ ಇಲ್ಲಿ ಕೂತು ನೀವು ಮಾಡಬಹುದಾದ ಅತಿ ದೊಡ್ಡ ಸಹಾಯ ಅದು. ಕೈಯಲ್ಲಿ ಆ ಹಣವಿದ್ದರೆ ಮಗು ನಾಲ್ಕು ಕೋಣೆ ನೋಡಿ ಒಂದನ್ನು ಬೇಡವೆನ್ನಬಲ್ಲದು.

ಠೇವಣಿಗೆ ಕಾನೂನಿನ ಮಿತಿ ಇದೆ. ಜಾಹೀರಾತಿನಲ್ಲಿ ಎರಡು ಬಾಡಿಗೆ ಕಾಣುತ್ತದೆ: ಜಾಗಕ್ಕಷ್ಟೇ ಕೊಡುವುದು ಕಾಲ್ಟ್‌ಮೀಟೆ, ನೀರು, ಕಸ, ಹೀಟರಿನ ಖರ್ಚು ಸೇರಿಸಿದ್ದು ವಾರ್ಮ್‌ಮೀಟೆ. ಮನೆ ಬಾಡಿಗೆಗೆ ಕೊಡುವವರು ಕಾಲ್ಟ್‌ಮೀಟೆಯ ಮೂರು ಪಟ್ಟಿಗಿಂತ ಹೆಚ್ಚು ಠೇವಣಿ ಕೇಳುವಂತಿಲ್ಲ. ಅದನ್ನೂ ಮೂರು ಸಮಾನ ಕಂತುಗಳಲ್ಲಿ ಕೊಡುವ ಹಕ್ಕು ಬಾಡಿಗೆದಾರರಿಗಿದೆ. ಮೊದಲ ಕಂತು ಬಾಡಿಗೆ ಶುರುವಾದಾಗ. ಬೆಂಗಳೂರಿನಲ್ಲಿ ಹತ್ತು ತಿಂಗಳ ಅಡ್ವಾನ್ಸ್ ಕೊಟ್ಟು ರೂಢಿಯಾದವರಿಗೆ ‘ಆರು ತಿಂಗಳದ್ದು ಈಗಲೇ ಹಾಕಿ’ ಎಂಬ ಮಾತು ವಿಚಿತ್ರವೆನಿಸುವುದಿಲ್ಲ. ಜರ್ಮನಿಯ ಮಟ್ಟಿಗೆ ಅದನ್ನು ಕೇಳಿದೊಡನೆ ಕೈ ತಡೆಯಬೇಕು.

ಮೋಸದ ದಾರಿ ವರ್ಷವರ್ಷವೂ ಒಂದೇ. ಊರ ನಡುವಿನ ಸುಂದರ ಫ್ಲಾಟು, ಬಾಡಿಗೆ ಅರ್ಧ. ಮಾಲೀಕರು ಕೆಲಸದ ಮೇಲೆ ಬೇರೆ ದೇಶದಲ್ಲಿದ್ದಾರೆ, ಮನೆ ತೋರಿಸಲು ಆಗುವುದಿಲ್ಲ, ದುಡ್ಡು ಬಂದ ಕೂಡಲೇ ಕೀಲಿಕೈ ಅಂಚೆಯಲ್ಲಿ ಬರುತ್ತದೆ. ನಂಬಿಕೆಗೆಂದು ಅವರ ಪಾಸ್‌ಪೋರ್ಟಿನ ಚಿತ್ರವನ್ನೂ ಕಳಿಸುತ್ತಾರೆ. ಅದು ಮೊದಲು ಮೋಸಹೋದ ಯಾರದ್ದೋ ಇರಬಹುದು. ಹಾಗಾಗಿ ಮಗನ ಪಾಸ್‌ಪೋರ್ಟ್ ಪ್ರತಿಯನ್ನೂ ಕೇಳಿದವರಿಗೆಲ್ಲ ಕೊಡಬೇಡಿ. ಹಣ ಹಾಕಬೇಕಾದ ಖಾತೆ ಇನ್ನಾವುದೋ ದೇಶದ್ದಾಗಿದ್ದರೆ ಅಲ್ಲಿಗೇ ನಿಲ್ಲಿಸಿ. ಸ್ಟುಡಿಯೆರೆಂಡೆನ್‌ವೆರ್ಕ್ ಒಪ್ಪಂದ ಕಳಿಸಿ ಮುಂಗಡ ಕೇಳಿದರೆ ಅದು ಬೇರೆ. ಅದರ ಅಧಿಕೃತ ತಾಣದಲ್ಲಿ ಖಾತೆಯನ್ನು ತಾಳೆ ನೋಡಿ ಕಟ್ಟಬಹುದು. ಉಳಿದಂತೆ ಯಾರಾದರೂ ಒಬ್ಬರು ಆ ಕೋಣೆಗೆ ಕಾಲಿಟ್ಟು ನೋಡಿರಬೇಕು. ಮ್ಯೂನಿಕ್, ಫ್ರಾಂಕ್‌ಫರ್ಟ್ ಸುತ್ತಮುತ್ತ ಕನ್ನಡ ಸಂಘಗಳಿವೆ, ವಿಶ್ವವಿದ್ಯಾಲಯಗಳಲ್ಲಿ ಸೀನಿಯರ್‌ಗಳಿದ್ದಾರೆ. ಅರ್ಧ ಗಂಟೆ ಹೋಗಿ ನೋಡಿಬನ್ನಿ ಎಂದು ಕೇಳಲು ಸಂಕೋಚ ಬೇಡ.

ಹಾಗಾದರೆ ಮೊದಲ ದಿನ ಎಲ್ಲಿ ಉಳಿಯುವುದು? ನನ್ನ ಮೊದಲ ಆಯ್ಕೆ ತ್ಸ್ವಿಷೆನ್‌ಮೀಟೆ. ಇಂಟರ್ನ್‌ಶಿಪ್‌ಗೋ ಬೇರೆ ದೇಶದ ಸೆಮಿಸ್ಟರ್‌ಗೋ ಹೋಗುವ ವಿದ್ಯಾರ್ಥಿ ತನ್ನ ಕೋಣೆಯನ್ನು ಮಂಚ, ಮೇಜು ಸಮೇತ ಕೆಲವು ತಿಂಗಳ ಮಟ್ಟಿಗೆ ಇನ್ನೊಬ್ಬರಿಗೆ ಬಿಟ್ಟುಕೊಡುವ ಏರ್ಪಾಡು ಇದು. ಅಲ್ಲಿ ಖಾಲಿ ಫ್ಲಾಟೆಂದರೆ ಅಡುಗೆಮನೆಯ ಸಿಂಕೂ ಇಲ್ಲದಿರಬಹುದು, ಹೊಸಬರಿಗೆ ಅದು ಕಷ್ಟ. ಒಳಬಾಡಿಗೆಗೆ ಮಾಲೀಕರ ಒಪ್ಪಿಗೆ ಇದೆಯೇ ಎಂದು ಮಾತ್ರ ಬರಹದಲ್ಲಿ ಕೇಳಿಕೊಳ್ಳಬೇಕು. ಜೊತೆಗೆ ಇನ್ನೊಂದು ಪ್ರಶ್ನೆ: ಈ ವಿಳಾಸದಲ್ಲಿ ಆನ್‌ಮೆಲ್ಡುಂಗ್ ಆಗುತ್ತದೆಯೇ? ಮನೆಗೆ ಬಂದ ಎರಡು ವಾರದೊಳಗೆ ನಗರಾಡಳಿತದಲ್ಲಿ ವಿಳಾಸ ನೋಂದಾಯಿಸಬೇಕು, ಅದಕ್ಕೆ ಮನೆ ಕೊಟ್ಟವರು ಸಹಿ ಮಾಡಿದ ಪತ್ರ ಬೇಕು. ತೆರಿಗೆ ಸಂಖ್ಯೆ, ಎಷ್ಟೋ ಕಡೆ ಬ್ಯಾಂಕ್ ಖಾತೆ, ಮುಂದೆ ವಾಸದ ಪರವಾನಗಿ, ಎಲ್ಲವೂ ಆ ನೋಂದಣಿಯಿಂದಲೇ ಮುಂದುವರಿಯುತ್ತವೆ. ಅಗ್ಗದ ಕೋಣೆ ಸಿಕ್ಕಿ ನೋಂದಣಿ ಆಗದಿದ್ದರೆ ಅದು ಕೆಲವು ವಾರಗಳ ತಂಗುದಾಣ ಮಾತ್ರ. ದುಡ್ಡು ಪಡೆದು ಬರೀ ವಿಳಾಸ ಕೊಡುವವರೂ ಇದ್ದಾರೆ; ಅದು ಕಾನೂನುಬಾಹಿರ, ಭಾರಿ ದಂಡವಿದೆ.

ಹಾಸ್ಟೆಲ್ ಸಿಗದ ವಿದ್ಯಾರ್ಥಿಗಳಲ್ಲಿ ಬಹಳಷ್ಟು ಜನ ಇರುವುದು ವೇ-ಗೇ ಎಂಬ ಹಂಚಿಕೊಂಡ ಮನೆಗಳಲ್ಲಿ. ಒಬ್ಬೊಬ್ಬರಿಗೆ ಒಂದು ಕೋಣೆ, ಅಡುಗೆಮನೆ, ಬಚ್ಚಲು ಎಲ್ಲರಿಗೂ. ‘ಹುಡುಗರು ಹುಡುಗಿಯರು ಒಂದೇ ಮನೆಯಲ್ಲಾ?’ ಎಂದು ತಾಯಂದಿರು ತಗ್ಗಿದ ದನಿಯಲ್ಲಿ ಕೇಳುತ್ತಾರೆ. ಹೌದು, ಹಾಗಿರುವುದು ಅಲ್ಲಿ ಸಹಜ. ಕೋಣೆಯ ಬೀಗ ಅವರವರ ಕೈಯಲ್ಲಿರುತ್ತದೆ. ಹುಡುಗಿಯರಷ್ಟೇ ಇರುವ ಮನೆಗಳೂ ಸಿಗುತ್ತವೆ. ಮಗಳಿಗೆ ಯಾವುದು ನೆಮ್ಮದಿ ಎಂದು ಅವಳನ್ನೇ ಕೇಳಿ, ಅವಳ ಉತ್ತರವನ್ನು ನಂಬಿ. ಮನೆಯವರು ಸೇರಿಸಿಕೊಳ್ಳುವ ಮೊದಲು ಒಂದಷ್ಟು ಹೊತ್ತು ಮಾತಾಡಿಸುತ್ತಾರೆ: ಅಡುಗೆ ಮಾಡುತ್ತೀಯಾ, ಕಸ ಬೇರೆ ಮಾಡಲು ಬರುತ್ತದೆಯಾ, ರಾತ್ರಿ ಹತ್ತರ ನಂತರ ಸದ್ದು ಮಾಡುತ್ತೀಯಾ ಎಂದೆಲ್ಲ. ಸಸ್ಯಾಹಾರಿಯಾದರೆ, ತನ್ನ ಪಾತ್ರೆ ಬೇರೆ ಇಟ್ಟುಕೊಳ್ಳಬೇಕೆಂದರೆ, ಆಗಲೇ ಹೇಳಲಿ. ಎಂಟು ಹತ್ತು ಮನೆಯವರು ಬೇಡವೆಂದರೂ ಅದು ಮಗುವಿನ ಮೇಲಿನ ತೀರ್ಪಲ್ಲ. ಆ ವಾರಗಳಲ್ಲಿ ಫೋನ್ ಮಾಡಿದಾಗಲೆಲ್ಲ ‘ರೂಮ್ ಸಿಕ್ತಾ?’ ಎಂದೇ ಶುರುಮಾಡಬೇಡಿ. ಊಟವಾಯಿತಾ ಎಂದು ಕೇಳಿ.

ಕೋಣೆ ಸಿಕ್ಕ ದಿನ ಗೋಡೆ, ನೆಲ, ಕಿಟಕಿಗಳ ಫೋಟೊ ತೆಗೆದು, ಮೊದಲೇ ಇರುವ ಗೀರು, ಕಲೆಗಳನ್ನು ಹಸ್ತಾಂತರದ ಪತ್ರದಲ್ಲಿ ಬರೆಸಿ ಸಹಿ ಹಾಕಿಸಿಕೊಳ್ಳಲು ಹೇಳಿ. ಚಳಿಗಾಲದಲ್ಲೂ ದಿನಕ್ಕೆ ಎರಡು ಮೂರು ಸಲ ಕಿಟಕಿಯನ್ನು ಪೂರ್ತಿ ತೆರೆದು ಗಾಳಿ ಆಡಿಸಬೇಕು, ಇಲ್ಲವಾದರೆ ಬೂಷ್ಟು ಹಿಡಿದು ಅದರ ಖರ್ಚು ಠೇವಣಿಯಲ್ಲಿ ಮುರಿದೀತು. ಅವಧಿ ನಿಗದಿಯಾಗದ ಒಪ್ಪಂದವಾದರೆ ಬಿಡಲು ಸಾಮಾನ್ಯವಾಗಿ ಮೂರು ತಿಂಗಳ ಮೊದಲೇ ಲಿಖಿತ ನೋಟಿಸ್ ಕೊಡಬೇಕು. ಠೇವಣಿಯೂ ಮನೆ ಬಿಟ್ಟ ದಿನವೇ ಸಿಗುವುದಿಲ್ಲ. ಹೀಟರಿನ ವಾರ್ಷಿಕ ಲೆಕ್ಕ ಬಾಕಿಯಿದ್ದರೆ ತಿಂಗಳುಗಳೇ ಹಿಡಿಯುತ್ತವೆ. ಓದು ಮುಗಿಸಿ ಊರಿಗೆ ಮರಳುವವರು ಆ ಹಣ ಬರುವವರೆಗೆ ಅಲ್ಲಿನ ಬ್ಯಾಂಕ್ ಖಾತೆಯನ್ನು ಮುಚ್ಚಬಾರದು.