ಅಕಾಡೆಮಿಗಿಂತ ಮುಂಚೆ ಬ್ಯಾಚು ಕಟ್ಟಿ

ಮಕ್ಕಳಿಗೆ ಆಟ ಕಲಿಸುವುದನ್ನೇ ಕಸುಬು ಮಾಡಿಕೊಳ್ಳಲು ಹೊರಟವರಲ್ಲಿ ಹಲವರ ಲೆಕ್ಕ ಸಾಲದಿಂದಲೇ ಶುರುವಾಗುತ್ತದೆ: ಜಾಗ ಲೀಸಿಗೆ ಹಿಡಿಯಬೇಕು, ಟರ್ಫ್ ಹಾಕಿಸಬೇಕು, ಸರ್ಕಲ್ಲಿನಲ್ಲಿ ಫ್ಲೆಕ್ಸ್ ಕಟ್ಟಿಸಬೇಕು. ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಯಂಥ ಊರುಗಳಲ್ಲಿ ಇದು ತಲೆಕೆಳಗಾದ ಲೆಕ್ಕ ಎನ್ನುವುದು ನನ್ನ ವಾದ. ಮುದ್ರಾ ಯೋಜನೆಯ ತರುಣ್ ವಿಭಾಗದಲ್ಲಿ 10 ಲಕ್ಷದವರೆಗೆ ಸಾಲ ಸಿಗುತ್ತದೆ, ಸರಿ. ಶೇ 11ರ ಬಡ್ಡಿ, ಐದು ವರ್ಷದ ಅವಧಿ ಎಂದಿಟ್ಟುಕೊಂಡರೆ ತಿಂಗಳ ಕಂತು ಸುಮಾರು 21,700 ರೂಪಾಯಿ. ಮಗುವಿಗೆ ತಿಂಗಳಿಗೆ 500 ರೂಪಾಯಿ ಫೀ ಹಾಕಿದರೆ ಬರೀ ಕಂತಿಗೇ 44 ಮಕ್ಕಳು ಬೇಕು. ಬಾಡಿಗೆ, ಕರೆಂಟು, ಮನೆಖರ್ಚು ಆಮೇಲಿನ ಮಾತು. ಮಾರ್ಚ್ ಬಂತೆಂದರೆ ಪರೀಕ್ಷೆ, ಅರ್ಧ ಬ್ಯಾಚು ಖಾಲಿ. ಬೇಸಿಗೆ ಶಿಬಿರಕ್ಕೆ ನುಗ್ಗಿ ಬಂದ ಮಕ್ಕಳು ಶಾಲೆ ಶುರುವಾದ ಮೇಲೆ ಬೆರಳೆಣಿಕೆಗೆ ಇಳಿಯುತ್ತಾರೆ. ಬ್ಯಾಂಕಿನ ಕಂತಿಗೆ ಮಾತ್ರ ಪರೀಕ್ಷೆಯೂ ಇಲ್ಲ, ರಜೆಯೂ ಇಲ್ಲ.

‘ಟರ್ಫ್ ಇಲ್ಲದಿದ್ದರೆ ಯಾರು ಬರುತ್ತಾರೆ?’ ಎಂದು ಕೇಳುವವರಿದ್ದಾರೆ. ಕ್ರಿಕೆಟ್ಟೊಂದನ್ನೇ ತಲೆಯಲ್ಲಿಟ್ಟುಕೊಂಡರೆ ಹಾಗನ್ನಿಸುವುದು ಸಹಜ. ಖೊ ಖೊ ಅಂಕಣಕ್ಕೆ ಬೇಕಾದದ್ದು 27 ಮೀಟರ್ ಉದ್ದ, 16 ಮೀಟರ್ ಅಗಲದ ಹಸನಾದ ನೆಲ, ಎರಡು ಕಂಬ, ಒಂದು ಟೇಪು, ಒಂದು ಚೀಲ ಸುಣ್ಣದ ಪುಡಿ. ಕಬಡ್ಡಿಗೆ 13 ಮೀಟರ್ ಉದ್ದ, 10 ಮೀಟರ್ ಅಗಲವಾದರೆ ಸಾಕು. ಆಷಾಢದ ಗಾಳಿಗೆ ಬೆಳಿಗ್ಗೆ ಎಳೆದ ಗೆರೆ ಸಂಜೆಗೆ ಮಾಸಿರುತ್ತದೆ, ಮತ್ತೆ ಎಳೆಯಬೇಕು, ನಿಜ. ಆದರೆ ಗುಡ್ಡದ ತುಂಬ ಗಾಳಿಯಂತ್ರ ತಿರುಗುವ ಸೀಮೆಯಲ್ಲಿ ಬಯಲಿನಲ್ಲಿ ಶಟಲ್ ಆಡಿಸಲು ಹೊರಟವರ ಪಾಡಿಗಿಂತ ಇದು ಎಷ್ಟೋ ವಾಸಿ. ಜಿಲ್ಲಾ ಕೇಂದ್ರದಲ್ಲಿ ಒನಕೆ ಓಬವ್ವ ಕ್ರೀಡಾಂಗಣವಿದೆ, ತಾಲ್ಲೂಕುಗಳಲ್ಲಿ ಶಾಲಾ ಕಾಲೇಜು ಮೈದಾನಗಳಿವೆ. ಅನುಮತಿಯನ್ನು ಬಾಯಿಮಾತಿನಲ್ಲಿ ಬಿಡದೆ ಪತ್ರದಲ್ಲಿ ಪಡೆಯಿರಿ. ಶಾಲಾ ಕ್ರೀಡಾಕೂಟ ಹೋಬಳಿಯಿಂದ ಶುರುವಾಗಿ ತಾಲ್ಲೂಕು, ಜಿಲ್ಲೆ, ವಿಭಾಗ, ರಾಜ್ಯ ಎಂದು ಏರುತ್ತದೆ. ಆ ಹಂಗಾಮಿಗೆ ಮೂರು ತಿಂಗಳು ಮುಂಚೆಯೇ ಎರಡು ಖಾಸಗಿ ಶಾಲೆಗಳ ತಂಡಗಳನ್ನು ಒಪ್ಪಿಕೊಂಡರೆ ಬರುವ ಗೌರವಧನ ಸಣ್ಣದಾದರೂ ಖಚಿತ. ಪೊಲೀಸ್, ಸೇನೆ ಭರ್ತಿಗೆ ಓಡುವ ಹುಡುಗರ ಬೆಳಗಿನ ಬ್ಯಾಚನ್ನೂ ಕಡೆಗಣಿಸಬೇಡಿ. ಅಗ್ನಿವೀರ್ ಆಯ್ಕೆಯಲ್ಲಿ 1.6 ಕಿಲೋಮೀಟರ್ ಓಟವಿದೆ. ಕೆಲಸದ ದಾರಿ ಕಾಣುವ ಕಡೆ ಅಪ್ಪ ಅಮ್ಮ ಫೀ ಕೊಡಲು ಹಿಂದೆಮುಂದೆ ನೋಡುವುದಿಲ್ಲ.

ಹಾಗಾದರೆ ಮೊದಲ ಹಣ ಹೋಗಬೇಕಾದದ್ದು ಎಲ್ಲಿಗೆ? ಸರ್ಟಿಫಿಕೇಟಿಗೆ. ಇಲ್ಲೊಂದು ಗೊಂದಲವಿದೆ. ಪ್ರೌಢಶಾಲೆಯ ದೈಹಿಕ ಶಿಕ್ಷಣ ಶಿಕ್ಷಕರ ಹುದ್ದೆಗೆ ಬೇಕಾದದ್ದು ಎರಡು ವರ್ಷದ ಬಿಪಿಎಡ್. ಕೋಚ್ ಎನಿಸಿಕೊಳ್ಳಲು ಜನ ಕೇಳುವುದು ಎನ್‌ಐಎಸ್. 1961ರಲ್ಲಿ ಪಟಿಯಾಲದಲ್ಲಿ ಶುರುವಾದ ಆ ಸಂಸ್ಥೆಯ ಡಿಪ್ಲೊಮಾ ಒಂದು ವರ್ಷದ್ದು, ಆರು ವಾರದ ಸರ್ಟಿಫಿಕೇಟ್ ಕೋರ್ಸೂ ಇದೆ. ಒಂದರ ಬದಲು ಇನ್ನೊಂದು ನಡೆಯುವುದಿಲ್ಲ. ಕೈಯಲ್ಲಿ ದುಡ್ಡು ಕಡಿಮೆಯಿದ್ದವರು ಆರು ವಾರದ ಕೋರ್ಸ್ ಮುಗಿಸಿ, ಶಾಲೆಯ ಅರೆಕಾಲಿಕ ಕೆಲಸ ಹಿಡಿದು, ಆಮೇಲೆ ದೊಡ್ಡ ಕೋರ್ಸಿನ ಯೋಚನೆ ಮಾಡುವುದು ಮೇಲು. ಖೇಲೋ ಇಂಡಿಯಾ ಕೇಂದ್ರಗಳಲ್ಲಿ ತರಬೇತುದಾರರಿಗೆ ವರ್ಷಕ್ಕೆ 3 ಲಕ್ಷ ರೂಪಾಯಿ ಸಂಭಾವನೆಯ ಏರ್ಪಾಡಿದೆ. ಆದರೆ ಅದು ಪದಕ ಗೆದ್ದ ಹಳೆಯ ಆಟಗಾರರಿಗೆಂದು ಇಟ್ಟದ್ದು. ತಾಲ್ಲೂಕು ಮಟ್ಟದಲ್ಲಿ ಆಡಿ ಬಿಟ್ಟವರು ಅದನ್ನು ನೆಚ್ಚಿಕೊಂಡು ಕೂರುವಂತಿಲ್ಲ.

ಗಟ್ಟಿಯಾದ ಆಕ್ಷೇಪ ಬೇರೆ ಇದೆ: ಫೀ ಕೇಳಿದರೆ ಬಡ ಮಕ್ಕಳ ಗತಿಯೇನು? ಈ ಪ್ರಶ್ನೆಗೆ ಈ ಜಿಲ್ಲೆಯಲ್ಲಿ ವಿಶೇಷ ತೂಕವುಂಟು. ಹೊಳಲ್ಕೆರೆ ತಾಲ್ಲೂಕಿನ ಮಲ್ಲಾಡಿಹಳ್ಳಿಯಲ್ಲಿ ಅನಾಥ ಸೇವಾಶ್ರಮ ಕಟ್ಟಿದ ರಾಘವೇಂದ್ರ ಸ್ವಾಮೀಜಿ ಊರೂರು ತಿರುಗಿ ಯೋಗ, ವ್ಯಾಯಾಮದ ಶಿಬಿರ ನಡೆಸಿದವರು. ಅಂಗಸಾಧನೆ ಕಲಿಸುವುದು ಸೇವೆ ಎಂಬ ಭಾವನೆ ಇಲ್ಲಿ ಬೇರೂರಿರುವುದಕ್ಕೆ ಅವರೂ ಒಂದು ಕಾರಣ ಎಂದು ನನಗನ್ನಿಸುತ್ತದೆ. ಆದರೆ ಅವರು ಸಂಸಾರವಿಲ್ಲದ ಸನ್ಯಾಸಿ, ಆಶ್ರಮದ ಬೆನ್ನಿಗೆ ಭಕ್ತರ ಕೊಡುಗೆಯಿತ್ತು. ಮನೆ ಬಾಡಿಗೆ ಕಟ್ಟುವ ಇಪ್ಪತ್ತಾರರ ತರುಣ ಅದೇ ದಾರಿ ಹಿಡಿದರೆ ಎರಡನೇ ವರ್ಷಕ್ಕೆ ಬೆಂಗಳೂರಿನ ಬಸ್ಸು ಹತ್ತುತ್ತಾನೆ, ಆಗ ಬಡ ಮಕ್ಕಳಿಗೂ ಕೋಚ್ ಇರುವುದಿಲ್ಲ. ಕೊಡಬಲ್ಲವರಿಂದ ಪೂರ್ತಿ ತೆಗೆದುಕೊಂಡು, ಐದರಲ್ಲೊಂದು ಸೀಟು ಬಿಟ್ಟಿ ಇಡುವುದು ಹೆಚ್ಚು ಕಾಲ ನಡೆಯುವ ಏರ್ಪಾಡು. ಯಾರಿಗೆ ಬಿಟ್ಟಿ ಎನ್ನುವುದು ಮೈದಾನದಲ್ಲಿ ಮಕ್ಕಳಿಗೆ ಗೊತ್ತಾಗಬಾರದು ಅಷ್ಟೆ.

ಫೀಯನ್ನು ಕೈಗೆ ತೆಗೆದುಕೊಳ್ಳದೆ ಬೇರೆಯದೇ ಬ್ಯಾಂಕ್ ಖಾತೆಗೆ ಯುಪಿಐ ಮೂಲಕ ಹಾಕಿಸಿಕೊಳ್ಳಿ. ಆರು ತಿಂಗಳ ಮನೆಖರ್ಚು ಅದರಲ್ಲಿ ಕೂಡುವವರೆಗೆ ಈಗಿರುವ ಕೆಲಸ ಬಿಡಬೇಡಿ. ಆದಾಯ ತೆರಿಗೆ ಕಟ್ಟುವಷ್ಟು ಇರಲಿ, ಇಲ್ಲದಿರಲಿ, ವರ್ಷವರ್ಷ ರಿಟರ್ನ್ ಸಲ್ಲಿಸಿ. ಶಾಲೆಯವರು ಟಿಡಿಎಸ್ ಹಿಡಿದಿದ್ದರೆ ಆ ಹಣ ವಾಪಸು ಬರುವುದು ಹಾಗೆಯೇ. ಮೂರು ವರ್ಷದ ರಿಟರ್ನೂ ತುಂಬಿದ ಬ್ಯಾಚೂ ಇದ್ದಾಗ ಟರ್ಫಿನ ಸಾಲ ಕೇಳಲು ಹೋಗಿ. ಬಡ್ಡಿ ದರದ ಬಗ್ಗೆ ಮ್ಯಾನೇಜರ್ ಜೊತೆ ಚೌಕಾಸಿಗೂ ಆಗ ಜಾಗವಿರುತ್ತದೆ.