ಠೇವಣಿಯ ಬಡ್ಡಿ: ಎರಡು ಪಟ್ಟಿಗಳ ತಾಳೆ

ನಿಶ್ಚಿತ ಠೇವಣಿಗಳ ಬಡ್ಡಿಯ ಮೇಲೆ ಬ್ಯಾಂಕುಗಳು ಮೂಲದಲ್ಲೇ ತೆರಿಗೆ ಮುರಿದುಕೊಳ್ಳುವ ಪದ್ಧತಿ, ಅಂದರೆ ಟಿಡಿಎಸ್, ಇರುವುದರಿಂದ ಕುಟುಂಬವೊಂದರ ಬಡ್ಡಿ ಆದಾಯವು ಎರಡು ಕಡೆ ದಾಖಲಾಗುತ್ತದೆ. ಮನೆಯವರು ಸ್ಪ್ರೆಡ್‌ಶೀಟಿನಲ್ಲಿ ಬರೆದಿಟ್ಟುಕೊಂಡ ಠೇವಣಿಗಳ ಪಟ್ಟಿ ಒಂದು. ಯಾರು, ಎಂದು, ಎಷ್ಟು ಬಡ್ಡಿ ಜಮಾ ಮಾಡಿ ಎಷ್ಟು ತೆರಿಗೆ ಮುರಿದರೆಂದು ತೋರಿಸುವ, 1961ರ ಆದಾಯ ತೆರಿಗೆ ಕಾಯ್ದೆಯಡಿಯ 26ಎಎಸ್ ನಮೂನೆ ಇನ್ನೊಂದು. ರಿಟರ್ನ್ ಸಲ್ಲಿಸುವ ಮೊದಲು ಇವೆರಡನ್ನೂ ಒಂದೇ ಹಾಳೆಗೆ ತಂದು ತಾಳೆ ನೋಡುವುದು ಅಗತ್ಯವಾದರೂ, ಬಹುಪಾಲು ಮನೆಗಳಲ್ಲಿ ಅದು ಕಣ್ಣಂದಾಜಿನಲ್ಲೇ ಮುಗಿದುಹೋಗುತ್ತದೆ.

ಎರಡು ಪಟ್ಟಿಗಳನ್ನು ಜೋಡಿಸಬೇಕಾದರೆ ಎರಡರಲ್ಲೂ ಒಂದೇ ರೂಪದಲ್ಲಿರುವ ಗುರುತಿನ ಕಾಲಂ ಬೇಕು. ಬ್ಯಾಂಕಿನ ಹೆಸರೇ ಸಾಕೆಂಬ ಭಾವನೆ ಸಹಜವಾದರೂ, ಕರ್ನಾಟಕದ ಮನೆಗಳಲ್ಲಂತೂ ಅದು ಕೈಕೊಡುತ್ತದೆ. ಸ್ಟೇಟ್ ಬ್ಯಾಂಕ್ ಆಫ್ ಮೈಸೂರು 2017ರಲ್ಲಿ ಭಾರತೀಯ ಸ್ಟೇಟ್ ಬ್ಯಾಂಕಿನಲ್ಲಿಯೂ, ವಿಜಯಾ ಬ್ಯಾಂಕು 2019ರಲ್ಲಿ ಬ್ಯಾಂಕ್ ಆಫ್ ಬರೋಡಾದಲ್ಲಿಯೂ, ಸಿಂಡಿಕೇಟ್ ಬ್ಯಾಂಕು 2020ರಲ್ಲಿ ಕೆನರಾ ಬ್ಯಾಂಕಿನಲ್ಲಿಯೂ ವಿಲೀನಗೊಂಡಿದ್ದರೂ ಮನೆಯ ಪಟ್ಟಿಯಲ್ಲಿ ಹಳೆಯ ಹೆಸರುಗಳೇ ಉಳಿದಿರುತ್ತವೆ. ಠೇವಣಿ ಸಂಖ್ಯೆಯನ್ನು ಬಳಸೋಣವೆಂದರೆ 26ಎಎಸ್‌ನಲ್ಲಿ ಅದು ಇರುವುದೇ ಇಲ್ಲ. (ಇದ್ದಿದ್ದರೂ, ಎಕ್ಸೆಲ್ 15 ಅಂಕಿಗಳವರೆಗೆ ಮಾತ್ರ ನಿಖರತೆ ಕಾಯ್ದುಕೊಳ್ಳುವುದರಿಂದ, ಪಠ್ಯವೆಂದು ನಮೂದಿಸದ 16 ಅಂಕಿಯ ಖಾತೆ ಸಂಖ್ಯೆಯ ಕೊನೆಯ ಅಂಕಿ ಸದ್ದಿಲ್ಲದೆ ಸೊನ್ನೆಯಾಗುತ್ತದೆ.) ಆದುದರಿಂದ ಉಳಿಯುವ ಭರವಸೆಯ ಗುರುತೆಂದರೆ ಟ್ಯಾನ್, ಅಂದರೆ ತೆರಿಗೆ ಮುರಿಯುವ ಸಂಸ್ಥೆಗೆ ಇಲಾಖೆ ಕೊಟ್ಟಿರುವ 10 ಅಕ್ಷರ-ಅಂಕಿಗಳ ಸಂಖ್ಯೆ. ಬ್ಯಾಂಕು ಕೊಡುವ 16ಎ ಪ್ರಮಾಣಪತ್ರದಿಂದ ಅದನ್ನು ಮನೆಯ ಪಟ್ಟಿಗೆ ಇಳಿಸಿಕೊಳ್ಳಬಹುದು. ಒಂದೇ ಬ್ಯಾಂಕಿನ ಬೇರೆ ಬೇರೆ ಶಾಖೆಗಳಿಗೆ ಬೇರೆ ಬೇರೆ ಟ್ಯಾನ್ ಇರುವುದೂ ಉಂಟು.

ಜೋಡಣೆಗೆ ಹೆಚ್ಚು ಬಳಕೆಯಲ್ಲಿರುವ ಸೂತ್ರ ವಿಲುಕಪ್. ಹುಡುಕಬೇಕಾದ ಗುರುತು, ಹುಡುಕಬೇಕಾದ ಪಟ್ಟಿ, ಉತ್ತರವಿರುವ ಕಾಲಂನ ಸಂಖ್ಯೆ, ಹೊಂದಿಕೆ ನಿಖರವಾಗಿರಬೇಕೋ ಬೇಡವೋ ಎಂಬ ಸೂಚನೆ, ಈ ನಾಲ್ಕನ್ನು ಅದು ಕೇಳುತ್ತದೆ. ನಾಲ್ಕನೆಯದನ್ನು ಬರೆಯದೆ ಬಿಟ್ಟರೆ ಅಂದಾಜು ಹೊಂದಿಕೆ ಸಾಕೆಂದು ಸೂತ್ರವೇ ಭಾವಿಸಿಕೊಂಡು, ಇಲ್ಲದ ಟ್ಯಾನ್‌ಗೆ ಪಕ್ಕದ ಬ್ಯಾಂಕಿನ ಬಡ್ಡಿಯನ್ನು ತಂದಿಟ್ಟುಬಿಡಬಹುದು. ದೋಷಸೂಚನೆ ಕಾಣಿಸದ ಕಾರಣ ಆ ತಪ್ಪು ಯಾರ ಗಮನಕ್ಕೂ ಬಾರದು. 2019ರಲ್ಲಿ ಪ್ರಕಟವಾದ ಎಕ್ಸ್‌ಲುಕಪ್ ಸೂತ್ರವು ತಾನಾಗಿಯೇ ನಿಖರ ಹೊಂದಿಕೆಯನ್ನು ಹುಡುಕುವುದರಿಂದ ಹಣದ ಲೆಕ್ಕಕ್ಕೆ ಅದೇ ಲೇಸು.

ಆದರೆ ನಿಜವಾದ ತೊಡಕು ಬೇರೆಯೇ ಇದೆ. 26ಎಎಸ್‌ನಲ್ಲಿ ಒಂದೇ ಟ್ಯಾನ್‌ನ ಕೆಳಗೆ ವರ್ಷದುದ್ದಕ್ಕೂ ಹಲವು ಸಾಲುಗಳಿರುತ್ತವೆ. ಮನೆಯ ಪಟ್ಟಿಯಲ್ಲಿಯೂ ಅದೇ ಬ್ಯಾಂಕಿನ ಹಲವು ಠೇವಣಿಗಳಿರುತ್ತವೆ. ಮೇಲಿನ ಎರಡೂ ಸೂತ್ರಗಳು ಮೊದಲು ಸಿಕ್ಕ ಸಾಲನ್ನಷ್ಟೇ ತರುವುದರಿಂದ ಮೊದಲ ತ್ರೈಮಾಸಿಕದ ಬಡ್ಡಿಯೇ ಇಡೀ ವರ್ಷದ್ದೆಂದು ಕಾಣಬಹುದು. ಅದನ್ನು ತಪ್ಪಿಸಲು ಬ್ಯಾಂಕಿನ ಒಟ್ಟು ಬಡ್ಡಿಯನ್ನು ಪ್ರತಿ ಠೇವಣಿಯ ಎದುರು ತಂದರೆ ಅದಕ್ಕೆ ವಿರುದ್ಧವಾದ ತಪ್ಪಾಗುತ್ತದೆ: ಮೂರು ಠೇವಣಿಗಳಿಂದ ಒಟ್ಟು 84,000 ರೂಪಾಯಿ ಬಡ್ಡಿ ಬಂದಿದ್ದರೆ, ಆ ಮೊತ್ತವು ಮೂರು ಸಾಲುಗಳಲ್ಲೂ ಕುಳಿತು, ಕೂಡಿದಾಗ 2,52,000 ಆಗುತ್ತದೆ. ಆದ್ದರಿಂದ ಷರತ್ತಿಗೆ ಒಳಪಟ್ಟ ಸಾಲುಗಳನ್ನು ಮಾತ್ರ ಕೂಡುವ ಸಮ್‌ಇಫ್ಸ್ ಸೂತ್ರದಿಂದ ಎರಡೂ ಪಟ್ಟಿಗಳನ್ನು ಮೊದಲು ಟ್ಯಾನ್‌ಗೆ ಒಂದೇ ಸಾಲಿನಂತೆ ಇಳಿಸಿಕೊಂಡು, ಆಮೇಲಷ್ಟೇ ಜೋಡಿಸಬೇಕು.

ಹೊಂದಿಕೆಯಾದ ಸಾಲುಗಳಿಗಿಂತ ಹೊಂದಿಕೆಯಾಗದೆ ಉಳಿದವುಗಳಲ್ಲೇ ಹೆಚ್ಚಿನ ವಿಚಾರವಿದೆ. ಮನೆಯ ಪಟ್ಟಿಯಲ್ಲಿದ್ದು 26ಎಎಸ್‌ನ ಟಿಡಿಎಸ್ ಭಾಗದಲ್ಲಿಲ್ಲದ ಬಡ್ಡಿಯು ಸಾಮಾನ್ಯವಾಗಿ ತೆರಿಗೆ ಮುರಿಯಬೇಕಿಲ್ಲದ ಮಿತಿಯೊಳಗಿನದು. 2025ರ ಏಪ್ರಿಲ್‌ನಿಂದ ಈ ಮಿತಿ ಬ್ಯಾಂಕೊಂದಕ್ಕೆ ವರ್ಷಕ್ಕೆ 50,000 ರೂಪಾಯಿ, ಹಿರಿಯ ನಾಗರಿಕರಿಗೆ 1 ಲಕ್ಷ. ಮುರಿಯದಿದ್ದ ಮಾತ್ರಕ್ಕೆ ಆ ಬಡ್ಡಿ ತೆರಿಗೆಯಿಂದ ಮುಕ್ತವಾಗುವುದಿಲ್ಲ. 26ಎಎಸ್‌ನಲ್ಲಿದ್ದು ಮನೆಯ ಪಟ್ಟಿಯಲ್ಲಿಲ್ಲದ್ದು ಅವಧಿ ಮುಗಿದಾಗಲೇ ಬಡ್ಡಿ ಕೈಸೇರುವ ಠೇವಣಿಯದಾಗಿರಬಹುದು, ಏಕೆಂದರೆ ಬಡ್ಡಿ ಕೈಗೆ ಬರದಿದ್ದರೂ ಬ್ಯಾಂಕು ಪ್ರತಿ ವರ್ಷದ ಬಡ್ಡಿಗೆ ತೆರಿಗೆ ಮುರಿಯುತ್ತದೆ. ಈ ಅಂಕಣಕಾರರ ಮನೆಯ ಲೆಕ್ಕದಲ್ಲಿ ಬಹುಕಾಲ ಗೋಜಲಾಗಿದ್ದ ಸಾಲು ತಂದೆಯವರೊಡನೆ ಜಂಟಿಯಾಗಿ ಇಟ್ಟ ಠೇವಣಿಯದು: ತೆರಿಗೆಯು ಮೊದಲ ಹೆಸರಿನವರ ಪ್ಯಾನ್‌ಗೆ ಜಮೆಯಾಗುವುದರಿಂದ, ಅದರ ಜೋಡಿಯನ್ನು ತಂದೆಯವರ 26ಎಎಸ್‌ನಲ್ಲಿ ಹುಡುಕಬೇಕಾಯಿತು. ಬ್ಯಾಂಕು ತೆರಿಗೆ ಮುರಿದೂ ಯಾರ 26ಎಎಸ್‌ನಲ್ಲೂ ಅದು ಕಾಣದಿದ್ದರೆ, ಪ್ಯಾನ್ ತಪ್ಪಾಗಿ ದಾಖಲಾಗಿದೆಯೇ ಎಂದು ಶಾಖೆಯಲ್ಲಿ ಲಿಖಿತವಾಗಿ ವಿಚಾರಿಸುವುದೇ ದಾರಿ.

ಮಾರ್ಚ್‌ಗೆ ಮುಗಿಯುವ ತ್ರೈಮಾಸಿಕದ ಟಿಡಿಎಸ್ ವಿವರ ಸಲ್ಲಿಸಲು ಬ್ಯಾಂಕುಗಳಿಗೆ ಮೇ 31ರವರೆಗೆ ಅವಕಾಶವಿದೆ. ಹಾಗಾಗಿ ಏಪ್ರಿಲ್‌ನಲ್ಲಿ ಆತುರಪಟ್ಟು ಮಾಡಿದ ತಾಳೆಯಲ್ಲಿ ಕೊನೆಯ ಮೂರು ತಿಂಗಳ ಸಾಲುಗಳು ಇಲ್ಲದಿರುವ ಸಂಭವವೇ ಹೆಚ್ಚು. ಈ ಕೆಲಸವನ್ನು ಜೂನ್‌ಗೆ ಇಟ್ಟುಕೊಳ್ಳುವುದು ಸೂಕ್ತ.