ಹಸಿರು ನೀರು, ಉಸಿರುಗಟ್ಟಿದ ಮೀನು

ಇವತ್ತಿನ ವಿಷಯ ಮನೆಯ ಅಕ್ವೇರಿಯಂನಲ್ಲಿ ಬೆಳೆಯೋ ಪಾಚಿ. ನಾವೇ ಮಾಡಿದ ಒಂದು ತಪ್ಪಿನಿಂದ ಶುರು ಮಾಡ್ತೀವಿ.

ಸೌದಿಯಲ್ಲಿ ಶಾಲೆಗೆ ಬೇಸಿಗೆ ರಜೆ ಬಿದ್ದ ಕೂಡಲೇ ಕನ್ನಡಿಗ ಕುಟುಂಬಗಳು ಊರಿಗೆ ಹೊರಡುತ್ತವೆ. ನಾವೂ ಒಮ್ಮೆ ಮೀನಿನ ತೊಟ್ಟಿಯನ್ನು ಪಕ್ಕದ ಮನೆಯವರಿಗೆ ಒಪ್ಪಿಸಿ ಹೋದೆವು. ಪ್ರೀತಿಯ ಜನ, ದಿನಕ್ಕೆ ಮೂರು ಹೊತ್ತು ಧಾರಾಳವಾಗಿ ಆಹಾರ ಹಾಕಿದ್ದಾರೆ, ದೀಪವನ್ನೂ ಆರಿಸಿಲ್ಲ. ವಾಪಸ್ ಬಂದಾಗ ನೀರಿಗೆ ಪಾಲಕ್ ಸಾರಿನ ಬಣ್ಣ. ಜೀವವಿಜ್ಞಾನ ಓದಿದ ನಾವು, ಅಂಗಡಿಯಿಂದ ಪಾಚಿ ಕೊಲ್ಲುವ ದ್ರಾವಣ ತಂದು ಸುರಿದೆವು! ಮರುದಿನ ಮುಂಜಾವ ಮೀನುಗಳೆಲ್ಲ ಮೇಲೆ ಬಂದು ಬಾಯಿ ಬಾಯಿ ಬಿಡ್ತಾ ಇದ್ವು. ಎರಡು ಆಗಲೇ ಸತ್ತಿದ್ವು.

ಇಲ್ಲಿ ಆಗಿದ್ದಿಷ್ಟು. ಸತ್ತ ಪಾಚಿಯನ್ನು ಕೊಳೆಸುವ ಬ್ಯಾಕ್ಟೀರಿಯಾ, ನೀರಲ್ಲಿ ಕರಗಿರುವ ಆಮ್ಲಜನಕವನ್ನು ಬಳಸಿಕೊಳ್ತವೆ. ಉಳಿದ ಪಾಚಿಯೂ ಕತ್ತಲಲ್ಲಿ ಆಮ್ಲಜನಕ ಕೊಡೋದಿಲ್ಲ, ತಾನೇ ಉಸಿರಾಡುತ್ತೆ. ಅದಕ್ಕೇ ಮುಂಜಾವ ಅಪಾಯದ ಹೊತ್ತು. ಮೇಲಿಂದ ಸೆಕೆ ಬೇರೆ: ಒಂದು ಲೀಟರ್ ಸಿಹಿನೀರು 20 ಡಿಗ್ರಿಯಲ್ಲಿ ಸುಮಾರು 9 ಮಿಲಿಗ್ರಾಂ ಆಮ್ಲಜನಕ ಹಿಡಿದಿಟ್ಟುಕೊಂಡರೆ, 30 ಡಿಗ್ರಿಯಲ್ಲಿ ಏಳೂವರೆಯಷ್ಟೇ. ಏರ್ ಪಂಪ್ ಹಾಕಿ, ಮೂರನೇ ಒಂದು ಭಾಗ ನೀರು ಬದಲಿಸಿದ ಮೇಲೆ ಮಿಕ್ಕವು ಬದುಕಿದವು.

ಪಾಚಿಗೆ ಊಟ ಎಲ್ಲಿಂದ ಬಂತು? ಜಿದ್ದಾ ಕಡೆ ನಲ್ಲಿಯಲ್ಲಿ ಬರೋದು ಬಹುತೇಕ ಉಪ್ಪು ತೆಗೆದ ಕಡಲ ನೀರು. ಅದರಲ್ಲಿ ನೈಟ್ರೇಟ್, ಫಾಸ್ಫೇಟ್ ಸಾಮಾನ್ಯವಾಗಿ ತೀರಾ ಕಡಿಮೆ. ಅಂದ್ರೆ ಬಂದಿದ್ದು ಮೀನಿನ ಆಹಾರದ ಡಬ್ಬಿಯಿಂದಲೇ.

ಜಿದ್ದಾದಿಂದ ಉತ್ತರಕ್ಕೆ, ತುವಲ್ ಹತ್ತಿರದ ಹವಳದ ದಿಬ್ಬಗಳನ್ನು ನೋಡಿ. ಉರಿಬಿಸಿಲು ಬಿದ್ದರೂ ಆರೋಗ್ಯವಾಗಿರುವ ಹವಳವನ್ನು ಪಾಚಿ ಮುಚ್ಚಿಹಾಕೋದಿಲ್ಲ. ಕೆಂಪು ಸಮುದ್ರದ ನೀರಲ್ಲಿ ಪೋಷಕಾಂಶ ಕಡಿಮೆ, ಜೊತೆಗೆ ಸೋಹಲ್ ಸರ್ಜನ್ ಥರದ ಮೀನುಗಳು ಹಗಲೆಲ್ಲ ಪಾಚಿ ಮೇಯುತ್ತಿರುತ್ತವೆ. ಮನೆಯ ಸಿಹಿನೀರಿನ ತೊಟ್ಟಿಯಲ್ಲಿ ಈ ಕೆಲಸಕ್ಕೆ ನೆರೈಟ್ ಬಸವನಹುಳು ಇದೆ. ಸಿಹಿನೀರಲ್ಲಿ ಅದರ ಸಂತಾನ ಹೆಚ್ಚೋದಿಲ್ಲ, ಅದೇ ಅನುಕೂಲ. ಆದರೆ ಅದು ಗಾಜಿಗೆ ಅಂಟಿದ್ದನ್ನು ಮಾತ್ರ ಕೆರೆದು ತಿನ್ನುತ್ತೆ, ನೀರಲ್ಲಿ ತೇಲುವ ಹಸಿರು ಹಾಗೇ ಉಳಿಯುತ್ತೆ.

ತೇಲುವ ಹಸಿರಿಗೆ ಈಗ ನಾವು ತೊಟ್ಟಿಗೆ ದಪ್ಪ ಬೆಡ್‌ಶೀಟ್ ಹೊದಿಸಿ ಮೂರು ದಿನ ಕತ್ತಲು ಮಾಡ್ತೀವಿ. ಅಷ್ಟೂ ಹೊತ್ತು ಏರ್ ಪಂಪ್ ಓಡ್ತಾ ಇರಬೇಕು, ಮರೀಬೇಡಿ. ಆಮೇಲೆ ಕ್ಲೋರಿನ್ ತೆಗೆದ, ಅಷ್ಟೇ ಬಿಸಿಯಿರುವ ನೀರನ್ನು ವಾರಕ್ಕೊಮ್ಮೆ ಕಾಲು ಭಾಗ ಬದಲಿಸೋದು. ದೀಪಕ್ಕೆ ಟೈಮರ್, ದಿನಕ್ಕೆ ಏಳು ಗಂಟೆ.

ಈ ಸಲ ಊರಿಗೆ ಹೋಗುವಾಗ ಆಹಾರದ ಡಬ್ಬಿಯನ್ನು ಬೀರುವಿನಲ್ಲಿಟ್ಟು ಬೀಗ ಹಾಕ್ತೀವಿ. ಅಜ್ಜಿಯರು ಇಟ್ಟುಕೊಳ್ಳೋ ವಾರದ ಮಾತ್ರೆ ಡಬ್ಬಿ ಇದೆಯಲ್ಲ, ಅದರ ಒಂದೊಂದು ಮನೆಗೆ ಒಂದೊಂದು ಚಿಟಿಕೆ ಹಾಕಿ ಪಕ್ಕದ ಮನೆಯವರ ಕೈಗೆ ಕೊಡ್ತೀವಿ.